ತೋಟಾದ ಹೆಸರು ಒಂದೇ, ರೈಫಲ್‌ನ ತಾಕತ್ತು ಬೇರೆ ಬೇರೆ: ಮನೆಯಲ್ಲೇ .45-70 ತುಂಬುವವರು ಎಡವುವುದೆಲ್ಲಿ?

ಟ್ರಿಗರ್ ಕೆಳಗಿನ ಲಿವರನ್ನು ಚಕ್ಕನೆ ಕೆಳಗೆ ತಳ್ಳಿ ಮೇಲೆಳೆಯುವ ಕೌಬಾಯ್‌ಗಳನ್ನು ಹಾಲಿವುಡ್ ಸಿನಿಮಾಗಳಲ್ಲಿ ನೀವು ನೋಡಿರುತ್ತೀರಿ. ಅದೇ ಲಿವರ್ ಆ್ಯಕ್ಷನ್ ರೈಫಲ್. ಕರಡಿ, ಮೂಸ್‌ನಂಥ ದೊಡ್ಡ ಪ್ರಾಣಿಗಳ ಬೇಟೆಗೆ ಅಮೆರಿಕದಲ್ಲಿ ಇಂದಿಗೂ ಇದರ ಬಳಕೆ ಇದೆ. ಇಂಥ ರೈಫಲ್‌ಗಳ ದಪ್ಪ ತೋಟಾಗಳ ಪೈಕಿ .45-70ಕ್ಕೆ ದೊಡ್ಡ ಹೆಸರು. ಇದನ್ನು ಅಂಗಡಿಯಿಂದ ತರದೆ ಮನೆಯ ಮೇಜಿನ ಮೇಲೇ ತುಂಬಿಕೊಳ್ಳುವವರು ಅಲ್ಲಿದ್ದಾರೆ. ಈ ಹವ್ಯಾಸಕ್ಕೆ ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ.

ಒಮ್ಮೆ ಹಾರಿಸಿದ ಹಿತ್ತಾಳೆ ಕೇಸನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ಹಾಕಿ, ಮೇಲೆ ಗುಂಡು ಒತ್ತುವುದು. ಕೆಲಸ ಇಷ್ಟೇ. ಅಪಾಯವಿರುವುದು ಮದ್ದಿನ ಲೆಕ್ಕದಲ್ಲಿ.

1873ರ ಹಳೇ ಲೆಕ್ಕ

ಅಮೆರಿಕದ ಸೇನೆ ಈ ತೋಟಾವನ್ನು ಸ್ವೀಕರಿಸಿದ್ದು 1873ರಲ್ಲಿ, ಸ್ಪ್ರಿಂಗ್‌ಫೀಲ್ಡ್ 'ಟ್ರ್ಯಾಪ್‌ಡೋರ್' ರೈಫಲ್‌ಗಾಗಿ. 45 ಎಂದರೆ ಇಂಚಿನ ನೂರನೇ ಭಾಗದಲ್ಲಿ ಗುಂಡಿನ ದಪ್ಪ. 70 ಎಂದರೆ ಕಪ್ಪು ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದರೆ ಹೆಚ್ಚುಕಡಿಮೆ ಅರ್ಧ ಗುಲಗಂಜಿ ತೂಕ!

ಆ ಟ್ರ್ಯಾಪ್‌ಡೋರ್‌ಗಳು ಈಗಲೂ ಸಂಗ್ರಹಕಾರರ ಬಳಿ ಇವೆ. ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1886 ಬಂತು, ಬಳಿಕ ಗಟ್ಟಿ ಉಕ್ಕಿನ ಆಧುನಿಕ ಮಾರ್ಲಿನ್ 1895 ಬಂತು. ತೋಟಾ ಮಾತ್ರ ಬದಲಾಗಲಿಲ್ಲ. ಯಾವ ರೈಫಲ್‌ಗೆ ತುಂಬಿದ್ದೋ ಏನೋ, ಎಲ್ಲದರಲ್ಲೂ ಸಲೀಸಾಗಿ ಕೂರುತ್ತದೆ. ಸಮಸ್ಯೆ ಇರುವುದೇ ಇಲ್ಲಿ.

ಅಮೆರಿಕದ ಉದ್ಯಮ ಮಾನದಂಡದ ಪ್ರಕಾರ ಈ ತೋಟಾದ ಒತ್ತಡ ಚದರ ಇಂಚಿಗೆ 28,000 ಪೌಂಡ್ ಮೀರುವಂತಿಲ್ಲ. ಹಳೇ ರೈಫಲ್‌ಗಳ ಸುರಕ್ಷತೆಗಾಗಿ ದೊಡ್ಡ ಕಂಪನಿಗಳು ಮಾಮೂಲಿ ತೋಟಾವನ್ನು ಮೆದುವಾಗಿಯೇ ತುಂಬುತ್ತವೆ. ಆಧುನಿಕ ಮಾರ್ಲಿನ್ ಇದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತದೆ. ಹಾಗಾಗಿ ಅದರ ಪೂರ್ತಿ ಶಕ್ತಿ ಬೇಕೆನ್ನುವವರು ತಾವೇ ತುಂಬಿಕೊಳ್ಳುತ್ತಾರೆ. ಲೋಡಿಂಗ್ ಕೈಪಿಡಿಗಳಲ್ಲೂ ಟ್ರ್ಯಾಪ್‌ಡೋರ್, ಲಿವರ್ ಆ್ಯಕ್ಷನ್, ಅದಕ್ಕಿಂತ ಬಲವಾದ ರೈಫಲ್ ಎಂದು ಮೂರು ಬೇರೆ ಬೇರೆ ಪಟ್ಟಿಗಳಿರುತ್ತವೆ. ಮಾರ್ಲಿನ್‌ಗೆಂದು ತುಂಬಿದ್ದು ಗುರುತಿನ ಚೀಟಿ ಇಲ್ಲದ ಡಬ್ಬಿಯಲ್ಲಿ ಉಳಿದು, ಮುಂದೆ ಯಾರದೋ ಅಜ್ಜನ ಟ್ರ್ಯಾಪ್‌ಡೋರ್ ಸೇರಿದರೆ? ರೈಫಲ್ ಒಡೆಯಬಹುದು, ಹಾರಿಸಿದವರ ಕೈ, ಕಣ್ಣು ಹೋಗಬಹುದು.

ಕಣ್ಣಿಗೆ ಬೀಳದ ತಪ್ಪು

ಕೇಸ್ ರೂಪುಗೊಂಡಿದ್ದು ಜಾಗ ತಿನ್ನುವ ಕಪ್ಪು ಮದ್ದಿಗೆ. ಈಗಿನ ಹೊಗೆರಹಿತ ಮದ್ದು ಸ್ವಲ್ಪವೇ ಸಾಕು. ಕೆಲವು ಮದ್ದುಗಳನ್ನು ಅಪ್ಪಿತಪ್ಪಿ ಎರಡು ಸಲ ಹಾಕಿದರೂ ಕೇಸ್ ತುಂಬಿ ಚೆಲ್ಲುವುದಿಲ್ಲ, ತಪ್ಪು ಗೊತ್ತೇ ಆಗುವುದಿಲ್ಲ. ಅದಕ್ಕೇ ಅನುಭವಿಗಳು ಗುಂಡು ಕೂರಿಸುವ ಮುಂಚೆ ಎಲ್ಲ ಕೇಸ್‌ಗಳನ್ನೂ ಸಾಲಾಗಿ ನಿಲ್ಲಿಸಿ, ಟಾರ್ಚ್ ಹಾಕಿ ಒಂದೊಂದರೊಳಗೂ ಇಣುಕುತ್ತಾರೆ. ಫೋನ್ ನೋಡುತ್ತಾ ಮಾಡುವ ಕೆಲಸ ಇದಲ್ಲ.

ಲಿವರ್ ರೈಫಲ್‌ನ ಇನ್ನೊಂದು ತಕರಾರು ಅದರ ಮ್ಯಾಗಜಿನ್. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರ್‌ಗೆ ತಾಗಿರುತ್ತದೆ. ಗುಂಡು ಗಟ್ಟಿಯಾಗಿ, ಚೂಪಾಗಿದ್ದರೆ ರೈಫಲ್ ಒದ್ದಾಗ ಕೊಳವೆಯೊಳಗೇ ಸಿಡಿಯುವ ಭಯ. ಹೀಗಾಗಿ ಚಪ್ಪಟೆ ಮೂತಿಯ ಗುಂಡೇ ರೂಢಿ. ಹಾರ್ನಡಿ ಕಂಪನಿ ರಬ್ಬರಿನಂಥ ಮೆತ್ತನೆ ತುದಿಯ ಚೂಪು ಗುಂಡನ್ನೂ ತಂದಿದೆ. ಕೇಸ್‌ನ ಬಾಯಿಯನ್ನು ಗುಂಡಿನ ಸುತ್ತ ಒತ್ತಿ ಬಿಗಿ ಮಾಡುವುದೂ ಕಡ್ಡಾಯ. ಇಲ್ಲವಾದರೆ ಒದೆತಕ್ಕೆ ಗುಂಡು ಒಳಗೆ ಜಾರುತ್ತದೆ, ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ.

ಅಂದಹಾಗೆ, ಇದೆಲ್ಲ ಅಮೆರಿಕದ ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಾಡುಪ್ರಾಣಿಗಳ ಬೇಟೆಗೂ ನಿಷೇಧವಿದೆ.