ಗಂಡಸ್ತನ ಬೇರೆ, ವೀರ್ಯಾಣು ಬೇರೆ

ಮಕ್ಕಳಾಗದ ಹೆಂಗಸಿಗೆ ಕನ್ನಡದಲ್ಲಿ 'ಬಂಜೆ' ಅನ್ನೋ ಪದ ಇದೆ. ಮಕ್ಕಳಾಗದ ಗಂಡಸಿಗೆ? ಸ್ವಲ್ಪ ಯೋಚಿಸಿ ನೋಡಿ. 'ಷಂಡ', 'ನಪುಂಸಕ' ಅಂತಾರೆ, ಆದರೆ ಅವು ಬೈಗುಳ. ಅದೂ ಅಲ್ಲದೆ ಲೈಂಗಿಕ ಶಕ್ತಿ ಇಲ್ಲದವನು ಅನ್ನೋ ಅರ್ಥದಲ್ಲಿ ಬಳಸೋದು. ಎಲ್ಲಾ ಸರಿಯಾಗಿದ್ದು ವೀರ್ಯಾಣುಗಳು ಮಾತ್ರ ಕಡಿಮೆ ಇರುವವನಿಗೆ ನಮ್ಮ ದಿನಬಳಕೆಯ ಮಾತಿನಲ್ಲಿ ಹೆಸರೇ ಇಲ್ಲ. ಈ ವಿಷಯದ ಮುಕ್ಕಾಲು ಪಾಲು ತಪ್ಪು ಕಲ್ಪನೆಗಳು ಹುಟ್ಟೋದು ಇಲ್ಲೇ ಅಂತ ನನಗನಿಸುತ್ತೆ. ಗಂಡಸ್ತನ ಮತ್ತು ಫಲವತ್ತತೆ ಒಂದೇ ಅಂತ ನಾವು ಅಂದುಕೊಂಡುಬಿಟ್ಟಿದ್ದೀವಿ.

ಇದರ ಬೆಲೆ ಕಟ್ಟೋದು ಹೆಚ್ಚಾಗಿ ಹೆಂಡತಿ. ಮದುವೆಯಾಗಿ ಎರಡು ವರ್ಷ ಆದರೆ ಸ್ಕ್ಯಾನ್ ಅವಳಿಗೆ, ಮಾತ್ರೆ ಅವಳಿಗೆ, ಘಾಟಿ ಸುಬ್ರಹ್ಮಣ್ಯದ ಹರಕೆಯೂ ಅವಳ ಹೆಸರಲ್ಲೇ. "ಅವನಿಗೇನಾಗಿದೆ, ಗಟ್ಟಿಮುಟ್ಟಾಗೇ ಇದಾನಲ್ಲ" ಅಂತ ಮನೆಯವರು ಮಾತು ಮುಗಿಸುತ್ತಾರೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರತ್ತಿರ ಅರ್ಧದಷ್ಟು ಕಡೆ ಗಂಡನ ಪಾಲೂ ಇರುತ್ತೆ, ಒಬ್ಬನದೇ ಆಗಿರಬಹುದು ಅಥವಾ ಇಬ್ಬರದೂ ಸೇರಿರಬಹುದು. ಅವನ ಟೆಸ್ಟ್ ಒಂದು ಲ್ಯಾಬಿನಲ್ಲಿ ಸುಲಭವಾಗಿ ಆಗಿಹೋಗುವಂಥದ್ದು. ಅದೇ ಕೊನೆಗೆ ಉಳಿಯುತ್ತೆ.

ನಮ್ಮ ವಯಸ್ಸಿನವರಿಗೆ ಹತ್ತಿರದ ಉದಾಹರಣೆ ಅಂದ್ರೆ ಜಿಮ್. ಪ್ರೋಟೀನ್ ಪೌಡರ್ ಬಗ್ಗೆ ಅಲ್ಲ ನಾನು ಹೇಳ್ತಿರೋದು, ಟೆಸ್ಟೋಸ್ಟಿರೋನ್ ಮತ್ತು ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆ. ಟೆಸ್ಟೋಸ್ಟಿರೋನ್ ಗಂಡಸಿನ ಹಾರ್ಮೋನ್, ಜಾಸ್ತಿ ಆದಷ್ಟೂ ಒಳ್ಳೇದು ಅಂತ ಲೆಕ್ಕ. ಕಂಟ್ರೋಲ್ ಸಿಸ್ಟಮ್ಸ್ ಓದಿದವರು ಇದನ್ನ ಬೇಗ ಹಿಡೀತಾರೆ. ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಎರಡು ಸಿಗ್ನಲ್ ಕಳಿಸುತ್ತೆ. ಎಲ್‌ಎಚ್ ಸಿಕ್ಕಿದಾಗ ವೃಷಣ ಟೆಸ್ಟೋಸ್ಟಿರೋನ್ ತಯಾರಿಸುತ್ತೆ. ಎಫ್‌ಎಸ್‌ಎಚ್ ಮತ್ತು ಈ ಒಳಗಿನ ಟೆಸ್ಟೋಸ್ಟಿರೋನ್ ಸೇರಿ ವೀರ್ಯಾಣು ಉತ್ಪಾದನೆ ನಡೆಸುತ್ತವೆ. ರಕ್ತದಲ್ಲಿ ಟೆಸ್ಟೋಸ್ಟಿರೋನ್ ಸಾಕಷ್ಟಿದೆ ಅಂತ ಕಂಡರೆ ಮೆದುಳು ಸಿಗ್ನಲ್ ಕಡಿಮೆ ಮಾಡುತ್ತೆ. ಪಕ್ಕಾ ನೆಗೆಟಿವ್ ಫೀಡ್‌ಬ್ಯಾಕ್. ಈಗ ಹೊರಗಿನಿಂದ ಚುಚ್ಚಿಕೊಂಡರೆ? ರಕ್ತದಲ್ಲಿ ತುಂಬಿ ತುಳುಕುತ್ತೆ, ಸಿಗ್ನಲ್ ನಿಲ್ಲುತ್ತೆ, ಒಳಗಿನ ಫ್ಯಾಕ್ಟರಿ ಬಾಗಿಲು ಹಾಕುತ್ತೆ, ವೃಷಣಗಳು ಚಿಕ್ಕದಾಗುತ್ತವೆ. ತೋಳು ದಪ್ಪ, ವೀರ್ಯಾಣು ಸೊನ್ನೆ. ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಬಳಸಬಹುದಾ ಅಂತ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷೆ ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು. ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ತಗೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವೀರ್ಯಾಣು ಸಂಖ್ಯೆ ಸೊನ್ನೆಗೆ ಇಳಿದಿತ್ತು! ಇಂಜೆಕ್ಷನ್ ನಿಲ್ಲಿಸಿದರೆ ಸಾಮಾನ್ಯವಾಗಿ ವಾಪಸ್ ಬರುತ್ತೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತೆ, ಕೆಲವರಿಗೆ ವರ್ಷದ ಮೇಲೂ ಆಗುತ್ತೆ.

ಇನ್ನೊಂದು ಕಡೆ ಬಸ್ ಸ್ಟ್ಯಾಂಡ್ ಗೋಡೆಯ 'ಗುಪ್ತರೋಗ' ಜಾಹೀರಾತುಗಳು. ಹಸ್ತಮೈಥುನದಿಂದ ವೀರ್ಯ ಖಾಲಿಯಾಗುತ್ತೆ, ತೆಳ್ಳಗಾಗುತ್ತೆ, ಒಂದು ಹನಿ ವೀರ್ಯ ಅಂದ್ರೆ ನಲವತ್ತು ಹನಿ ರಕ್ತ, ಇತ್ಯಾದಿ. ಈ ಭಯದಿಂದ ನಿಜವಾಗಿ ಸುಸ್ತು, ನಿದ್ದೆಗೇಡು ಅನುಭವಿಸುವವರು ನಮ್ಮ ದೇಶದಲ್ಲಿ ಎಷ್ಟಿದ್ದರು ಅಂದ್ರೆ, ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಇದಕ್ಕೆ 'ಧಾತ್ ಸಿಂಡ್ರೋಮ್' ಅಂತ ಹೆಸರೇ ಇಟ್ಟರು. ವೃಷಣ ಸೆಕೆಂಡಿಗೆ ಸಾವಿರದಷ್ಟು ವೀರ್ಯಾಣು ತಯಾರಿಸುತ್ತಲೇ ಇರುತ್ತೆ, ಖಾಲಿಯಾಗೋ ಟ್ಯಾಂಕ್ ಅಲ್ಲ ಅದು. ಇನ್ನು ವೀರ್ಯದ ದಪ್ಪ? ಅದರಲ್ಲಿ ವೀರ್ಯಾಣುಗಳ ಪಾಲು ಶೇ. 5ರ ಆಸುಪಾಸು ಅಷ್ಟೇ, ಉಳಿದದ್ದು ಬೇರೆ ಗ್ರಂಥಿಗಳ ದ್ರವ. ವ್ಯಾಸೆಕ್ಟಮಿ ಮಾಡಿಸಿಕೊಂಡವರ ವೀರ್ಯವೂ ಕಣ್ಣಿಗೆ ಹಾಗೇ ಕಾಣುತ್ತೆ. ಮೈಕ್ರೋಸ್ಕೋಪ್ ಇಲ್ಲದೆ ಯಾರೂ ಏನೂ ಹೇಳೋಕಾಗಲ್ಲ.

ಲ್ಯಾಪ್‌ಟಾಪ್ ವಿಷಯಕ್ಕೆ ಬರೋಣ, ಇದರಲ್ಲಿ ಅರ್ಧ ಸತ್ಯ ಇದೆ. ವೃಷಣಗಳಿಗೆ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು. ಕೆಳಗೆ ಬರುವ ಬಿಸಿ ರಕ್ತನಾಳದ ಸುತ್ತ ತಂಪು ರಕ್ತದ ನಾಳಗಳು ಬಲೆಯಂತೆ ಸುತ್ತಿಕೊಂಡಿವೆ. ಮೆಕ್ಯಾನಿಕಲ್‌ನವರಿಗೆ ಬೇರೆ ಹೇಳಬೇಕಿಲ್ಲ, ಕೌಂಟರ್‌ಫ್ಲೋ ಹೀಟ್ ಎಕ್ಸ್‌ಚೇಂಜರ್. 2005ರಲ್ಲಿ ಅಮೆರಿಕದಲ್ಲಿ 29 ಯುವಕರನ್ನು ಒಂದು ಗಂಟೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂರಿಸಿ ಅಳೆದರು. ವೃಷಣಚೀಲದ ಬಿಸಿ ಎರಡೂವರೆ ಡಿಗ್ರಿಗಿಂತ ಜಾಸ್ತಿ ಏರಿತ್ತು. ತಮಾಷೆ ಏನಂದ್ರೆ, ಲ್ಯಾಪ್‌ಟಾಪ್ ಇಲ್ಲದೆ ಬರೀ ಕಾಲು ಜೋಡಿಸಿ ಕೂತಾಗಲೂ ಎರಡು ಡಿಗ್ರಿ ಏರಿತ್ತು. ಅವರು ಅಳೆದದ್ದು ಬಿಸಿ ಮಾತ್ರ, ವೀರ್ಯಾಣು ಅಲ್ಲ. ಟೇಬಲ್ ಮೇಲೆ ಇಟ್ಕೊಳ್ಳಿ, ಗಾಬರಿ ಬೇಡ.

ಅದಕ್ಕಿಂತ ಗಮನ ಕೊಡಬೇಕಾದ್ದು ಆ ತಂಪು ರಕ್ತದ ನಾಳಗಳೇ ಊದಿಕೊಳ್ಳುವ ವೇರಿಕೋಸೀಲ್. ಸುಮಾರು ಶೇ. 15ರಷ್ಟು ಗಂಡಸರಲ್ಲಿ ಇರುತ್ತೆ, ಮಕ್ಕಳಾಗದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಎಷ್ಟೋ ಜನರಿಗೆ ನೋವೇ ಇರಲ್ಲ, ಹಾಗಾಗಿ ಗೊತ್ತೂ ಆಗಲ್ಲ. ಬೇಕಾದವರಿಗೆ ಆಪರೇಷನ್ ಇದೆ.

ಕೊನೆಗೆ ರಿಪೋರ್ಟ್ ಓದೋದು. ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿ. ನಮ್ಮ 40 ಮಾರ್ಕ್ಸ್ ಥರ ಪಾಸ್–ಫೇಲ್ ಗೆರೆ ಅಲ್ಲ ಅದು. ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿಯಾದ ಗಂಡಸರಲ್ಲೇ ಶೇ. 5ರಷ್ಟು ಜನ ಅದಕ್ಕಿಂತ ಕೆಳಗಿದ್ದರು. ಒಂದು ವೀರ್ಯಾಣು ತಯಾರಾಗಿ ಹೊರಬರೋಕೆ ಎರಡೂವರೆ–ಮೂರು ತಿಂಗಳು ಬೇಕು. ಅಂದ್ರೆ ಇವತ್ತಿನ ರಿಪೋರ್ಟಿನಲ್ಲಿ ಕಾಣೋದು ಆಗಿನ ದೇಹದ ಸ್ಥಿತಿ. ಎರಡು ತಿಂಗಳ ಹಿಂದೆ ಜೋರು ಜ್ವರ ಬಂದಿದ್ದರೂ ಸಂಖ್ಯೆ ಬಿದ್ದಿರಬಹುದು, ಇವತ್ತು ಸಿಗರೇಟ್ ಬಿಟ್ಟರೂ ನಾಳೆಯೇ ಏರಲ್ಲ. ಒಂದು ರಿಪೋರ್ಟ್ ಕೆಟ್ಟದಾಗಿ ಬಂದರೆ ಡಾಕ್ಟರು ಸ್ವಲ್ಪ ದಿನ ಬಿಟ್ಟು ಇನ್ನೊಂದು ಮಾಡಿಸಿ ಅನ್ನೋದು ಅದಕ್ಕೇ.