ಶಾಲೆಯ ಸಮಾಚಾರವೂ ಮನೆಯ ಹೊಣೆಯೂ

ಅಕ್ಕಿಯನ್ನು ಕೊಳ್ಳಹೋದ ಗೃಹಿಣಿಯು ಒಂದು ಹಿಡಿಯನ್ನು ಅಂಗೈಯಲ್ಲಿ ಹರಡಿ, ನುಚ್ಚೆಷ್ಟು, ಕಲ್ಲೆಷ್ಟು ಎಂದು ನೋಡದೆ ಹಣ ಕೊಡುವುದಿಲ್ಲ. ಮಗಳಿಗೆ ವರನನ್ನು ಗೊತ್ತುಮಾಡುವಾಗ ಮೂರು ತಲೆಮಾರಿನ ಸಮಾಚಾರವನ್ನು ವಿಚಾರಿಸುವುದು ನಮ್ಮಲ್ಲಿನ ವಾಡಿಕೆ. ಆದರೆ ಹೆತ್ತ ಮಕ್ಕಳನ್ನು ದಿನಕ್ಕೆ ಐದಾರು ಗಂಟೆಗಳಂತೆ ಎಂಟು ಹತ್ತು ವರ್ಷಗಳ ಕಾಲ ಯಾವ ಶಾಲೆಗೆ ಒಪ್ಪಿಸಿರುತ್ತೇವೆಯೋ, ಆ ಶಾಲೆಯ ವಿಷಯದಲ್ಲಿ ನಮಗೆ ತಿಳಿದಿರುವುದೆಷ್ಟು? "ಇಂದು ಏನು ಕಲಿಸಿದರು?" ಎಂದು ತಾಯಿ ಕೇಳುತ್ತಾಳೆ, "ಏನೋ ಕಲಿಸಿದರು" ಎಂದು ಹೇಳಿ ಮಗು ಆಟಕ್ಕೆ ಓಡುತ್ತದೆ. ಬಹುಮಂದಿಯ ಮನೆಗಳಲ್ಲಿ ಶಾಲೆಯ ಸಮಾಚಾರವು ಅಲ್ಲಿಗೇ ಮುಗಿಯುವುದು. ಸರಕಾರಿ ಶಾಲೆಗಳ ಏಳುಬೀಳು ಅವುಗಳ ಕಟ್ಟಡವನ್ನೂ ಉಪಾಧ್ಯಾಯರನ್ನೂ ಎಷ್ಟು ಅವಲಂಬಿಸಿದೆಯೋ, ಮನೆಗೂ ಶಾಲೆಗೂ ನಡುವೆ ಹರಿಯಬೇಕಾದ ಈ ಸಮಾಚಾರವನ್ನೂ ಅಷ್ಟೇ ಅವಲಂಬಿಸಿದೆಯೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಿಂದಿನ ಕಾಲದಲ್ಲಿ ಐಗಳ ಮಠವು ತನ್ನ ಸಮಾಚಾರವನ್ನು ತಾನೇ ಮನೆಮನೆಗೆ ಹೊತ್ತು ತರುತ್ತಿದ್ದಿತು. ಮಹಾನವಮಿಯು ಬಂದಿತೆಂದರೆ ಮಠದ ಹುಡುಗರು ಸಿಂಗರಿಸಿಕೊಂಡು, ಐಗಳೊಂದಿಗೆ ಬಾಗಿಲು ಬಾಗಿಲಿಗೆ ಹೋಗಿ ಚೌಪದಿಗಳನ್ನು ಹಾಡುತ್ತಿದ್ದರು. ಮನೆಯವರು ಕಾಣಿಕೆಯಿತ್ತು ಕಳುಹಿಸುತ್ತಿದ್ದರು. ಯಾವ ಹುಡುಗನ ನಾಲಗೆ ಹೊರಳುತ್ತದೆ, ಯಾವನ ನೆನಪು ಗಟ್ಟಿ, ಐಗಳ ಪಾಠ ಎಷ್ಟರದು ಎಂಬುದು ಜಗಲಿಯ ಮೇಲೆ ನಿಂತ ಅಜ್ಜಿಗೂ ಗೊತ್ತಾಗುತ್ತಿತ್ತು. ಆ ಮಠಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗೂ ಎಷ್ಟೋ ಜಾತಿಗಳ ಮಕ್ಕಳಿಗೂ ಅಲ್ಲಿ ಎಡೆಯಿರಲಿಲ್ಲ. ಆದುದರಿಂದ ಆ ಕಾಲವು ಮತ್ತೆ ಬರಲೆಂದು ಹಾರೈಸುವ ಕಾರಣವಿಲ್ಲ. ಅದರ ಒಂದು ಗುಣವನ್ನು ಮಾತ್ರ ನೆನೆಯಬೇಕಾಗಿದೆ: ಕಲಿತದ್ದನ್ನು ಊರ ಮುಂದೆ ತೋರಿಸುವುದು ಆಗ ಕಲಿಕೆಯ ಒಂದು ಅಂಗವಾಗಿದ್ದಿತು.

ಬಳಿಕ ವಿದ್ಯಾಭ್ಯಾಸವು ಸರಕಾರದ ಕೈಗೆ ಬಂದಿತು. ೧೯೧೩ರಲ್ಲಿ ಮೈಸೂರು ಸಂಸ್ಥಾನವು ಪ್ರಾಥಮಿಕ ವಿದ್ಯಾಭ್ಯಾಸದ ಕಾಯಿದೆಯನ್ನು ಮಾಡಿ, ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಡ್ಡಾಯಗೊಳಿಸಿತು. ಶಾಲೆಗಳು ಹೆಚ್ಚಿದುವು, ಬಾಗಿಲುಗಳು ಕ್ರಮೇಣ ಎಲ್ಲರಿಗೂ ತೆರೆದುವು. ಇದು ಮಹದುಪಕಾರವೇ ಸರಿ. ಆದರೆ ಹಾಜರಿಯ ಪುಸ್ತಕ, ಪರೀಕ್ಷೆಯ ಪಟ್ಟಿ, ಖರ್ಚಿನ ಲೆಕ್ಕ ಇವೆಲ್ಲವೂ ಮೇಲಣ ಕಚೇರಿಗೆ ತೋರಿಸತಕ್ಕವಾಗಿ ನಿಂತುವು. ಸುದ್ದಿಯು ಮೇಲ್ಮುಖವಾಗಿ ಹರಿಯಿತೇ ಹೊರತು, ಶಾಲೆಯ ಬೇಲಿಯಾಚೆಯ ಗುಡಿಸಲಿಗೆ ಇಳಿಯುವುದು ಅಪರೂಪವಾಯಿತು.

ನಿಜವಾದ ಸುದ್ದಿ ಬಾರದ ಮನೆಗೆ ಗಾಳಿಸುದ್ದಿಯು ಬಂದೇ ಬರುತ್ತದೆ. "ಅಲ್ಲಿ ಪಾಠವೇ ನಡೆಯುವುದಿಲ್ಲವಂತೆ" ಎಂದು ನೀರಿನ ನಲ್ಲಿಯ ಬಳಿ ಹುಟ್ಟಿದ ಮಾತು ಸಂಜೆಯೊಳಗಾಗಿ ಕೇರಿಯನ್ನೆಲ್ಲ ಸುತ್ತುವುದು. ಅದನ್ನು ಕೇಳಿ ಒಬ್ಬರು ಸಾಲಮಾಡಿ ಮಗುವನ್ನು ಶುಲ್ಕದ ಶಾಲೆಗೆ ಸೇರಿಸುತ್ತಾರೆ. ಅವರನ್ನು ನೋಡಿ ಇನ್ನೊಬ್ಬರು. ಇದರ ಪರಿಣಾಮವನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ. ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ ೧ರಿಂದ ೫ನೆಯ ತರಗತಿಯವರೆಗಿನ ಶಾಲೆಯಲ್ಲಿ ೬೦ರವರೆಗೆ ಮಕ್ಕಳಿದ್ದರೆ ಇಬ್ಬರು ಉಪಾಧ್ಯಾಯರು, ೬೧ರಿಂದ ೯೦ರವರೆಗೆ ಮೂವರು, ೯೧ರಿಂದ ೧೨೦ರವರೆಗೆ ನಾಲ್ವರು ಇರತಕ್ಕದ್ದು. ೬೪ ಮಕ್ಕಳಿದ್ದ ಶಾಲೆಯನ್ನು ಐವರು ಬಿಟ್ಟರೆ ಮೂರನೆಯ ಉಪಾಧ್ಯಾಯರ ಸ್ಥಾನವೇ ಅಲುಗಾಡುವುದು. ಉಳಿದಿಬ್ಬರು ಐದು ತರಗತಿಗಳನ್ನು ಹಂಚಿಕೊಂಡಾಗ ಪಾಠವು ನಿಜವಾಗಿಯೂ ಸೊರಗುವುದು. ಸುಳ್ಳಾಗಿದ್ದ ಮಾತು ಹೀಗೆ ತನ್ನನ್ನು ತಾನೇ ನಿಜಮಾಡಿಕೊಳ್ಳುತ್ತದೆ. ಇದರ ನಷ್ಟವು ಬೇರೆಲ್ಲಿಗೂ ಹೋಗಲಾರದ ಬಡವರ ಮಕ್ಕಳಿಗೆ ಮಾತ್ರ.

ಇದಕ್ಕೆ ವಿರುದ್ಧವಾದ ಅಪಾಯವೂ ಒಂದುಂಟು. ಅದು ಸುಳ್ಳು ಸಮಾಧಾನ. ಮಗು ವರ್ಷಕ್ಕೊಂದು ತರಗತಿ ಏರುತ್ತಿದೆ, ಆದುದರಿಂದ ಕಲಿಯುತ್ತಿದೆಯೆಂದು ನಾವು ನಂಬಿಬಿಡುತ್ತೇವೆ. ಗ್ರಾಮಾಂತರದ ಮನೆಗಳಿಗೇ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ 'ಅಸರ್' ಎಂಬ ಸಮೀಕ್ಷೆಯು ೨೦೨೨ರಲ್ಲಿ ಕಂಡುಕೊಂಡುದೇನೆಂದರೆ, ದೇಶದಲ್ಲಿ ೩ನೆಯ ತರಗತಿಯ ನೂರು ಮಕ್ಕಳಲ್ಲಿ ಸುಮಾರು ೨೦ ಮಂದಿ ಮಾತ್ರವೇ ೨ನೆಯ ತರಗತಿಯ ಪಾಠವನ್ನು ಓದಬಲ್ಲವರು. ೨೦೨೪ರಲ್ಲಿ ಈ ಸಂಖ್ಯೆಯು ಸುಮಾರು ೨೭ಕ್ಕೆ ಏರಿತು. ಇದರಲ್ಲಿ ಸರಕಾರಿ ಶಾಲೆಯವರೂ ಇದ್ದಾರೆ, ಶುಲ್ಕದ ಶಾಲೆಯವರೂ ಇದ್ದಾರೆ. ಓದಲು ಬಾರದ ಆ ಮಕ್ಕಳ ತಾಯ್ತಂದೆಗಳಲ್ಲಿ ಎಷ್ಟು ಮಂದಿಗೆ ಆ ಸಂಗತಿಯು ತಿಳಿದಿದ್ದಿತು? ತಿಳಿದಿದ್ದರೆ ಮೂರನೆಯ ವರ್ಷದಲ್ಲಿಯೇ ಸರಿಪಡಿಸಬಹುದಾಗಿದ್ದ ಕೊರತೆಯನ್ನು ಎಂಟನೆಯ ವರ್ಷದವರೆಗೆ ಹೊತ್ತುಕೊಂಡು ಹೋಗಿ, ಕೊನೆಗೆ ನಾಚಿಕೆಯಿಂದ ಮಗುವು ಶಾಲೆಯನ್ನೇ ಬಿಡುವ ದುರ್ಗತಿ ಬರುತ್ತಿರಲಿಲ್ಲ.

ಶಾಲೆಯ ಸಮಾಚಾರವನ್ನು ಕೇಳುವುದು ಅಧಿಕಪ್ರಸಂಗವೆಂದು ಅನೇಕರು ಅಳುಕುವರು. ಆ ಅಳುಕಿಗೆ ಕಾರಣವಿಲ್ಲ. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ನೆಯ ಏಪ್ರಿಲ್ ೧ರಂದು ಜಾರಿಗೆ ಬಂದ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು ಇದನ್ನು ಉಪಾಧ್ಯಾಯರ ಕರ್ತವ್ಯಗಳಲ್ಲಿಯೇ ಸೇರಿಸಿದೆ. ಅದರ ೨೪ನೆಯ ವಿಧಿಯಂತೆ ಉಪಾಧ್ಯಾಯರು ತಾಯ್ತಂದೆಗಳ ಸಭೆಗಳನ್ನು ಕ್ರಮವಾಗಿ ನಡೆಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಮುನ್ನಡೆ ಇವುಗಳನ್ನು ತಿಳಿಸತಕ್ಕದ್ದು. ೨೧ನೆಯ ವಿಧಿಯಂತೆ ಸರಕಾರಿ ಶಾಲೆಗೊಂದು ಸಮಿತಿಯಿರಬೇಕು. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ತಾಯ್ತಂದೆಗಳು ಅಥವಾ ಪೋಷಕರೇ ಆಗಿರಬೇಕು. ಅರ್ಧದಷ್ಟು ಸದಸ್ಯರು ಸ್ತ್ರೀಯರಾಗಿರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಬಂದ ಅನುದಾನವು ಹೇಗೆ ಖರ್ಚಾಯಿತೆಂದು ನೋಡುವುದು ಇದರ ಕೆಲಸ. ಕರ್ನಾಟಕದಲ್ಲಿ ಈ ಕಾಯಿದೆಗೆ ಮೊದಲೇ, ೨೦೦೧ರಲ್ಲಿ, ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯನ್ನನುಸರಿಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿಕೊಂಡಿದ್ದುವು. ಎಸ್.ಡಿ.ಎಂ.ಸಿ. ಎಂದು ಊರವರು ಕರೆಯುವುದು ಇದನ್ನೇ.

ಸಮಿತಿಯು ಇದ್ದಮಾತ್ರಕ್ಕೆ ಸುದ್ದಿಯು ಮನೆಗೆ ಬರುವುದೆಂದು ಹೇಳಲಾಗದು. ಕೂಲಿಯವರು ಗದ್ದೆಯಲ್ಲಿರುವ ಹನ್ನೊಂದು ಗಂಟೆಗೆ ಸಭೆ ಕರೆದರೆ ಬರುವವರಾರು? ಎಷ್ಟೋ ಕಡೆ ಸ್ತ್ರೀಸದಸ್ಯೆಯ ಹೆಸರು ಪುಸ್ತಕದಲ್ಲಿರುತ್ತದೆ, ಆಕೆಯ ಸಹಿಯನ್ನು ಮಾತ್ರ ಮನೆಬಾಗಿಲಲ್ಲಿ ಪಡೆದುಕೊಂಡು ಹೋಗುವರು. ಸದಸ್ಯೆಯರಾದ ಸೋದರಿಯರಲ್ಲಿ ಒಂದು ವಿಜ್ಞಾಪನೆ: ಬರೆದುದನ್ನು ಓದಿಸಿ ಕೇಳದೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿರಿ. ಒಮ್ಮೆ ನೀವು "ಇದರಲ್ಲಿ ಏನಿದೆ?" ಎಂದು ಕೇಳಿದರೆ, ಮುಂದಿನ ಸಲ ಕೇಳುವ ಮೊದಲೇ ಹೇಳುವರು.

ಹಾಗಾದರೆ ಮನೆಯವರು ತಿಳಿದಿರಬೇಕಾದುದೇನು? ಮೊದಲನೆಯದು, ಮಗುವು ಓದಬಲ್ಲುದೇ ಎಂಬುದು. ಇದನ್ನು ತಿಳಿಯಲು ತಾಯಿಗೆ ಅಕ್ಷರ ಬರಲೇಬೇಕೆಂದಿಲ್ಲ. ಹಿಂದಿನ ತರಗತಿಯ ಪುಸ್ತಕದಿಂದ, ಬಾಯಿಪಾಠವಾಗದ ಒಂದು ಪುಟವನ್ನು ತೆರೆದುಕೊಟ್ಟು ಗಟ್ಟಿಯಾಗಿ ಓದಿಸಿರಿ. ತಡವರಿಸಿ ಅಕ್ಷರವನ್ನು ಕೂಡಿಸುವುದಕ್ಕೂ ಮಾತಿನಂತೆ ಹರಿದು ಓದುವುದಕ್ಕೂ ಇರುವ ಭೇದವನ್ನು ಕಿವಿಯೇ ಹೇಳುತ್ತದೆ. ಓದಿದ ಮೇಲೆ "ಕಥೆಯಲ್ಲಿ ಏನಾಯಿತು?" ಎಂದು ಕೇಳಿರಿ. ಅಂಗಡಿಯಿಂದ ತಂದ ಸಾಮಾನಿನ ಚಿಲ್ಲರೆಯನ್ನು ಎಣಿಸಲು ಹೇಳಿದರೆ ಲೆಕ್ಕದ ಮಟ್ಟವೂ ಗೊತ್ತಾಗುವುದು. ತಿಂಗಳಿಗೊಮ್ಮೆ ಹೀಗೆ ಮಾಡಿದರೆ, ಶಾಲೆಗೆ ಹೋದಾಗ "ನನ್ನ ಮಗು ಹೇಗೆ ಕಲಿಯುತ್ತಿದೆ?" ಎಂದು ಬರಿದೆ ಕೇಳುವ ಬದಲು, "ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾಳೆ, ಏನು ಮಾಡೋಣ?" ಎಂದು ಕೇಳಬಹುದು. ಇಂತಹ ಪ್ರಶ್ನೆಗೆ ಒಳ್ಳೆಯ ಉಪಾಧ್ಯಾಯರು ಸಂತೋಷದಿಂದ ಉತ್ತರ ಕೊಡುವರು.

ಎರಡನೆಯದು, ಶಾಲೆಯು ನಡೆಯುವ ದಿನಗಳು. ೧ರಿಂದ ೫ನೆಯ ತರಗತಿಗೆ ವರ್ಷದಲ್ಲಿ ೨೦೦ ದಿನ, ೬ರಿಂದ ೮ನೆಯ ತರಗತಿಗೆ ೨೨೦ ದಿನ ಕೆಲಸ ನಡೆಯಬೇಕೆಂದು ಕಾಯಿದೆಯು ಗೊತ್ತುಮಾಡಿದೆ. ಗೋಡೆಯ ಪಂಚಾಂಗದ ಹಾಳೆಯಲ್ಲಿ ಮಗು ಶಾಲೆಗೆ ಹೋಗದ ದಿನಗಳಿಗೆಲ್ಲ ಒಂದು ಗೆರೆಯೆಳೆದರೆ ಸಾಕು. ತಪ್ಪಿದ್ದು ಶಾಲೆಯದೋ ನಮ್ಮದೋ ಎಂಬುದು ತಾನಾಗಿ ಕಾಣುವುದು. ಹಬ್ಬ, ಮದುವೆ, ಜಾತ್ರೆ, ತಮ್ಮನನ್ನು ಆಡಿಸುವುದು ಎಂದು ಹೆಣ್ಣುಮಗುವನ್ನು ಎಷ್ಟು ದಿನ ನಿಲ್ಲಿಸಿಕೊಂಡೆವೆಂಬ ಲೆಕ್ಕವೂ ಅದರಲ್ಲಿ ಬರುತ್ತದೆ.

ಮೂರನೆಯದು ಊಟ. ಕರ್ನಾಟಕದಲ್ಲಿ ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಬಳಿಕ ನಾಡಿಗೆಲ್ಲ ಹರಡಿದ ಅಕ್ಷರ ದಾಸೋಹದ ಬಿಸಿಯೂಟಕ್ಕೆ ಗೊತ್ತಾದ ಅಳತೆಯುಂಟು. ೫ನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ ೧೦೦ ಗ್ರಾಂ ಧಾನ್ಯ, ೨೦ ಗ್ರಾಂ ಬೇಳೆ, ೫೦ ಗ್ರಾಂ ತರಕಾರಿ. ಅದಕ್ಕೆ ಮೇಲ್ಪಟ್ಟು ೮ನೆಯ ತರಗತಿಯವರೆಗೆ ೧೫೦, ೩೦, ೭೫ ಗ್ರಾಂ. ೨೦೧೩ರ ಆಗಸ್ಟ್ ೧ರಂದು ಆರಂಭವಾದ ಕ್ಷೀರಭಾಗ್ಯದ ಹಾಲಿನ ಅಳತೆಯು ೧೫೦ ಮಿಲಿಲೀಟರು. ಸಾರು ನೀರಾಗಿದೆಯೇ, ಬೇಳೆ ಬೆಂದಿದೆಯೇ ಎಂಬುದನ್ನು ಅರಿಯಲು ಅಡಿಗೆಮನೆಯ ಅನುಭವವುಳ್ಳ ತಾಯಂದಿರಿಗಿಂತ ಬೇರೆ ಪರೀಕ್ಷಕರು ಬೇಕೇ? ಸರದಿಯಂತೆ ಇಬ್ಬರು ತಾಯಂದಿರು ವಾರಕ್ಕೊಮ್ಮೆ ಹೋಗಿ ರುಚಿನೋಡಿ ಬಂದರೆ, ಅಡಿಗೆಯವರಿಗೂ ಹುರುಪು, ಮಕ್ಕಳಿಗೂ ಹಿತ.

ನಾಲ್ಕನೆಯದು ಮಗುವಿನ ರಕ್ಷಣೆಯ ಕಟ್ಟಳೆಗಳು. ಸರಕಾರಿ ಶಾಲೆಯಲ್ಲಿ ೬ರಿಂದ ೧೪ ವರ್ಷದ ಮಗುವಿನ ಪ್ರಾಥಮಿಕ ವಿದ್ಯಾಭ್ಯಾಸಕ್ಕೆ ಶುಲ್ಕವಿಲ್ಲ. ಹೊಡೆಯುವುದೂ ಹೀಯಾಳಿಸಿ ಮನಸ್ಸನ್ನು ನೋಯಿಸುವುದೂ ಕಾಯಿದೆಯ ಪ್ರಕಾರ ನಿಷಿದ್ಧ. ಊರಿಂದೂರಿಗೆ ಕೆಲಸಕ್ಕೆ ಹೋಗುವ ಸಂಸಾರಗಳು ಇದನ್ನಂತೂ ನೆನಪಿಡತಕ್ಕದ್ದು: ವರ್ಗಾವಣೆ ಪತ್ರವನ್ನು ಮುಖ್ಯೋಪಾಧ್ಯಾಯರು ಕೂಡಲೇ ಕೊಡಬೇಕು, ಅದು ಬರುವುದು ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ಹೊಸ ಊರಿನ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದಿರಲಾಗದು. ಈ ಒಂದು ಸಂಗತಿಯನ್ನು ತಿಳಿಯದೆ ಕಬ್ಬಿನ ಗದ್ದೆಯ ಬದುವಿನಲ್ಲಿ ವರ್ಷವನ್ನು ಕಳೆಯುವ ಮಕ್ಕಳುಂಟು.

ಇನ್ನು ಶಾಲೆಯವರು ಸಮಾಚಾರವನ್ನು ತಿಳಿಸುವ ಬಗೆ. ಈಗ ಹಲವೆಡೆ ಎಲ್ಲವನ್ನೂ ಮೊಬೈಲಿನ ವಾಟ್ಸ್ಆಪ್ ಗುಂಪಿಗೆ ಹಾಕಿ, ತಿಳಿಸಿದ್ದಾಯಿತೆಂದು ಸುಮ್ಮನಾಗುವರು. ಮೊಬೈಲು ತಂದೆಯ ಜೇಬಿನಲ್ಲಿ, ತಂದೆ ಪರಸ್ಥಳದಲ್ಲಿ, ಮಗುವನ್ನು ಕಳುಹಿಸುವ ತಾಯಿಗೆ ಸುದ್ದಿಯೇ ಇಲ್ಲ. ಆದುದರಿಂದ ದಪ್ಪಕ್ಷರದ ಹಲಗೆಯೊಂದು ಶಾಲೆಯ ಹೊರಗೋಡೆಯಲ್ಲಿರಲಿ. ಮಕ್ಕಳೆಷ್ಟು, ಉಪಾಧ್ಯಾಯರೆಷ್ಟು, ಬಂದ ಹಣವೆಷ್ಟು, ಖರ್ಚಾದುದೆಷ್ಟು, ಮುಂದಿನ ಸಭೆ ಯಾವಾಗ ಎಂಬುದನ್ನು ಅಲ್ಲಿ ಬರೆಯಲಿ. ಓದಲಾರದವರಿಗೆ ಮಕ್ಕಳೇ ಓದಿ ಹೇಳಲಿ. ಅದೂ ಒಂದು ಪಾಠವೇ. ಸಭೆಯು ಕೂಲಿ ಮುಗಿದ ಸಂಜೆಗಿರಲಿ, ಇಲ್ಲವೆ ಕೆಲಸಕ್ಕೆ ಬಿಡುವಿರುವ ದಿನಕ್ಕಿರಲಿ. ನಮ್ಮ ಶಿಕ್ಷಣ ಇಲಾಖೆಯು ನಡೆಸುತ್ತ ಬಂದ 'ಸಮುದಾಯದತ್ತ ಶಾಲೆ' ಎಂಬ ಕಾರ್ಯಕ್ರಮದಲ್ಲಿ ಮಕ್ಕಳು ಕಲಿತುದನ್ನು ಪೋಷಕರ ಮುಂದೆ ತೋರಿಸುವ ಏರ್ಪಾಡಿದೆ. ಐಗಳ ಮಠದ ಒಳ್ಳೆಯ ಗುಣವು ಹೊಸ ಉಡುಗೆಯಲ್ಲಿ ಬಂದಂತಾಯಿತು. ಆದರೆ ಒಂದು ಎಚ್ಚರವಿರಬೇಕು. ಒಂದು ಮಗುವಿನ ಕಡಿಮೆ ಅಂಕವನ್ನಾಗಲಿ, ಕಾಯಿಲೆಯನ್ನಾಗಲಿ, ಮನೆಯ ಬಡತನವನ್ನಾಗಲಿ ನಾಲ್ಕು ಜನರ ಮುಂದೆ ಓದಬಾರದು. ಶಾಲೆಯ ಸುದ್ದಿ ಊರಿಗೆ. ಮಗುವಿನ ಸುದ್ದಿ ಆ ಮಗುವಿನ ಮನೆಗೆ ಮಾತ್ರ.

ಕೇಳುವುದರಲ್ಲಿಯೂ ಒಂದು ಮರ್ಯಾದೆಯಿದೆ. ಜಗಳಕ್ಕೆ ಮಾತ್ರ ಶಾಲೆಯ ಮೆಟ್ಟಲು ಹತ್ತುವ ಪೋಷಕರನ್ನು ಕಂಡರೆ ಯಾವ ಉಪಾಧ್ಯಾಯರೂ ಮನಸ್ಸು ಬಿಚ್ಚಿ ಮಾತನಾಡರು. ಅವರಿಗೂ ಜನಗಣತಿ, ಚುನಾವಣೆ ಎಂಬ ಹೊರಗಣ ಕೆಲಸಗಳಿವೆ. ತುಂಬಬೇಕಾದ ಪಟ್ಟಿಗಳು ಬೇಕಾದಷ್ಟಿವೆ. ಮೊದಲು ತರಗತಿಯ ಉಪಾಧ್ಯಾಯರನ್ನು ಕೇಳಿರಿ, ಅನಂತರ ಮುಖ್ಯೋಪಾಧ್ಯಾಯರನ್ನು, ಆಮೇಲೆ ಸಮಿತಿಯನ್ನು. ಅಲ್ಲಿಯೂ ಉತ್ತರ ದೊರೆಯದಿದ್ದರೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿದ್ದಾರೆ. ಕಾಗದದ ಲೆಕ್ಕವೇ ಬೇಕೆಂದಾದರೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯುಂಟು; ಹತ್ತು ರೂಪಾಯಿ ಶುಲ್ಕದ ಅರ್ಜಿಗೆ ೩೦ ದಿನಗಳೊಳಗೆ ಉತ್ತರ ಬರಬೇಕು; ಬಡತನ ರೇಖೆಯ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದುನಿಂತು "ಶೌಚಾಲಯಕ್ಕೆ ನೀರಿಲ್ಲ" ಎಂದು ಹೇಳಬಹುದು. ಆ ದಿನ ಹಿರಿಯರು ಅವರ ಹಿಂದೆ ನಿಂತಿರಬೇಕು.

ಸರಕಾರಿ ಶಾಲೆಯು ಸರಕಾರದ್ದೆಂದು ನಾವು ಕೈತೊಳೆದುಕೊಂಡಷ್ಟೂ ಅದು ಯಾರದೂ ಅಲ್ಲದ್ದಾಗುತ್ತದೆ. ಅಲ್ಲಿ ಬೇಯುವ ಅನ್ನವು ನಮ್ಮ ಮಕ್ಕಳದು. ಅಲ್ಲಿ ಕಳೆಯುವ ವರ್ಷಗಳು ಮತ್ತೆ ಬಾರವು. ಆದಕಾರಣ ಈ ಪತ್ರಿಕೆಯನ್ನು ಓದುವ ಪ್ರತಿಯೊಂದು ಮನೆಯವರೂ ಈ ತಿಂಗಳಿನಲ್ಲಿ ಮೂರು ಕೆಲಸಗಳನ್ನು ಮಾಡಲಿ: ಮಗುವಿನಿಂದ ಒಂದು ಪುಟವನ್ನು ಓದಿಸಿ ಕೇಳಲಿ, ಶಾಲೆಯ ಮುಂದಿನ ಸಭೆಯ ದಿನವನ್ನು ವಿಚಾರಿಸಲಿ, ಆ ಸಭೆಗೆ ನೆರೆಮನೆಯ ಅಕ್ಷರವರಿಯದ ತಾಯಿಯನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಲಿ.