ತೊಟ್ಟಿಯೊಳಗಿನ ಗಿಡಕ್ಕೆ ಎಷ್ಟು ಬೆಳಕು?

ದೀಪದ ಡಬ್ಬಿಯ ಮೇಲೆ ಸಾಮಾನ್ಯವಾಗಿ ಮೂರು ಅಂಕಿಗಳಿರುತ್ತವೆ. ವ್ಯಾಟ್ ಎಂದರೆ ದೀಪ ಉಣ್ಣುವ ಕರೆಂಟು. ಲ್ಯೂಮೆನ್ ಎಂದರೆ ನಮ್ಮ ಕಣ್ಣಿನ ಅಳತೆಯಲ್ಲಿ ಬೆಳಕು. ಕೆಲ್ವಿನ್ ಎಂದರೆ ಬೆಳಕಿನ ಛಾಯೆ. 3000 ಹಳದಿ, 6500 ಹಗಲಿನ ಬಿಳುಪು. ಮೂರರಲ್ಲಿ ಒಂದನ್ನೂ ಗಿಡವನ್ನು ಕೇಳಿ ಬರೆದಿಲ್ಲ!

ಗಿಡದ ಲೆಕ್ಕವೇ ಬೇರೆ. 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳು ಎಲೆಯ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬುದಷ್ಟೇ ಅದಕ್ಕೆ ಮುಖ್ಯ. ಅಕ್ವೇರಿಯಂ ಹವ್ಯಾಸಿಗಳು ಇದನ್ನು ‘ಪಾರ್’ ಎನ್ನುತ್ತಾರೆ. ‘ಗ್ಯಾಲನ್ನಿಗೆ ಇಷ್ಟು ವ್ಯಾಟ್’ ಎಂಬ ಸೂತ್ರ ಟ್ಯೂಬ್‌ಲೈಟ್ ಕಾಲದ್ದು. ಅಷ್ಟೇ ವ್ಯಾಟಿನಲ್ಲಿ ಹೆಚ್ಚು ಬೆಳಕು ಕೊಡುವ ಎಲ್‌ಇಡಿಗೆ ಅದು ಹೊಂದುವುದಿಲ್ಲ. ನೇರಳೆ ಬಣ್ಣದ ‘ಗಿಡದ ದೀಪ’ವೂ ಅನಿವಾರ್ಯವಲ್ಲ. 22 ಬೆಳೆಗಳ ಎಲೆಗಳನ್ನು ಪರೀಕ್ಷಿಸಿ ವಿಜ್ಞಾನಿ ಮೆಕ್‌ಕ್ರೀ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿರು ಬೆಳಕನ್ನೂ ಎಲೆ ಚೆನ್ನಾಗಿಯೇ ಬಳಸಿಕೊಳ್ಳುತ್ತದೆ ಎಂಬುದು ಕಂಡಿತು. ಒಳ್ಳೆಯ ಬಿಳಿ ದೀಪ ಸಾಕು. ಅದರಲ್ಲಿ ಮೀನಿನ ಬಣ್ಣವೂ ಚೆಂದ ಕಾಣುತ್ತದೆ.

ಇನ್ನು, ಬಹುತೇಕರು ಎಡವುವ ಜಾಗಕ್ಕೆ ಬರೋಣ. ಗಿಡ ಸೊರಗಿದೆ ಎಂದು ದೀಪ ಹೆಚ್ಚಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಗಾಜಿಗೆಲ್ಲ ಪಾಚಿ. ಏಕೆ? ಒಲೆಯ ಉರಿ ಎಷ್ಟೇ ಜೋರಾಗಿರಲಿ, ಪಾತ್ರೆಯಲ್ಲಿ ಅಕ್ಕಿ ಇದ್ದಷ್ಟೇ ಅನ್ನ. ಬೆಳಕು ಉರಿ, ಗಿಡದ ಮೈ ಕಟ್ಟುವ ಸಾಮಗ್ರಿ ಇಂಗಾಲದ ಡೈಆಕ್ಸೈಡ್. ನೀರಿನಲ್ಲಿ ಈ ಅನಿಲಕ್ಕೇ ಬರ. ಗಾಳಿಯೊಂದಿಗೆ ಸಮತೋಲದಲ್ಲಿರುವ ನೀರಿನಲ್ಲಿ ಅದು ಲೀಟರಿಗೆ ಒಂದು ಮಿಲಿಗ್ರಾಮೂ ಇರುವುದಿಲ್ಲ. ಮೀನುಗಳ ಉಸಿರಿನಿಂದ ಒಂದಿಷ್ಟು ಸೇರಿಕೊಳ್ಳಬಹುದು. ಸಾಲದೆಂಬಂತೆ, ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ಪ್ರತಿ ಎಲೆಗೂ ಅಲುಗಾಡದ ನೀರಿನ ತೆಳು ಪದರ ಅಂಟಿಕೊಂಡಿರುತ್ತದೆ. ಅಗಲ ಎಲೆಗೆ ಈ ಪದರವೇ ದೊಡ್ಡ ಅಡ್ಡಿ. ಪಾಚಿಯ ಕಣ ಪುಟ್ಟದು, ಅದರ ಸುತ್ತಲಿನ ಪದರವೂ ತೆಳು, ಅಗತ್ಯವೂ ಅಲ್ಪ. ಗಿಡ ಬಳಸಲಾಗದೆ ಬಿಟ್ಟ ಬೆಳಕು ಪಾಚಿಯ ಪಾಲಾಗುತ್ತದೆ.

ಆದ್ದರಿಂದ ಮೊದಲು ಅನಿಲದ ವಿಚಾರ, ಆಮೇಲೆ ದೀಪ. ಸಿಲಿಂಡರಿನಿಂದ ಅನಿಲ ಹಾಯಿಸುವುದಿಲ್ಲವೇ? ಅನೂಬಿಯಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್‌ಗಳಂಥ ನೆರಳುಪ್ರಿಯರನ್ನು ಇಟ್ಟುಕೊಳ್ಳಿ. ತೊಟ್ಟಿಯ ತಳದಲ್ಲಿ 15ರಿಂದ 30 ಪಾರ್ ಸಾಕು. ಹುಲ್ಲುಹಾಸಿನಂತೆ ಹಬ್ಬುವ ಗಿಡಗಳೋ ಕೆಂಪೆಲೆಯವೋ ಬೇಕೆಂದರೆ 50 ದಾಟಬೇಕು. ಆಗ ಅನಿಲ, ಗೊಬ್ಬರ ಎರಡೂ ತಪ್ಪದೆ ಒದಗಬೇಕು. ಇವು ಹವ್ಯಾಸಿಗಳ ಒರಟು ಅಂದಾಜುಗಳು. ಅಳೆಯುವುದು ತಳದಲ್ಲಿ ಎಂಬುದನ್ನು ಮರೆಯಬೇಡಿ; ಒಂದಡಿ ಆಳದ ತೊಟ್ಟಿಗೆ ಹೆಚ್ಚಾದ ದೀಪ ಎರಡಡಿಯದಕ್ಕೆ ಕಡಿಮೆಯಾದೀತು.

ಪಾರ್ ಮೀಟರ್ ದುಬಾರಿ. ಅದಿಲ್ಲದವರು ಬೆಳಕು ತಗ್ಗಿಸಬಹುದಾದ ದೀಪವನ್ನೂ ಒಂದು ಟೈಮರನ್ನೂ ಕೊಳ್ಳಲಿ. ದಿನಕ್ಕೆ ಆರು ಗಂಟೆಯಿಂದ ಶುರು ಮಾಡಿ, ಗಿಡ ಚಿಗುರುತ್ತ ಪಾಚಿ ಸುಮ್ಮನಿದ್ದರೆ ಎಂಟಕ್ಕೆ ಏರಿಸಿ. ಪಾಚಿ ಕಂಡರೆ ಹಿಂದೆ ಸರಿಯಿರಿ. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಬೇಡ, ಅದಕ್ಕೆ ಟೈಮರ್ ಹಾಕಲಾಗದು.

ಜಗತ್ತಿನ ಹವ್ಯಾಸಿಗಳು ಹಂಬಲಿಸುವ ಕೆಂಪು ಗಿಡ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ್ದು. ಲ್ಯಾಜೆನಾಂಡ್ರಾ ಮೀಬೋಲ್ಡಿ ಕರ್ನಾಟಕ, ಕೇರಳಗಳ ತೊರೆಯಂಚಿನದು. ನಮ್ಮ ಮಗ್ಗುಲಲ್ಲೇ ಬೆಳೆಯುವ ಇವು ಎಷ್ಟು ನೆರಳಲ್ಲಿ, ಎಷ್ಟು ಹರಿವಿನಲ್ಲಿ ಬಾಳುತ್ತವೆ? ಮಲೆನಾಡಿನ ಕಾಲೇಜು ಹುಡುಗ ಹುಡುಗಿಯರೇ, ಒಂದು ಮೀಟರ್ ಹಿಡಿದು ತೊರೆಗಿಳಿಯಿರಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬೆಳಕನ್ನು ಅಳೆದು ಬರೆದಿಡಿ. ಗಿಡ ಕೀಳಬೇಡಿ, ಅಂಕಿಗಳನ್ನಷ್ಟೇ ತನ್ನಿ. ದೀಪದ ಡಬ್ಬಿಗಿಂತ ಅವು ಹೆಚ್ಚು ಕಲಿಸುತ್ತವೆ.